ಚೀಟಿ ಮುಂದೆ, ಚೀಲ ಹಿಂದೆ

ಕಲಬುರಗಿ ಜಿಲ್ಲೆಯ ಯಡ್ರಾಮಿಯು ಸ್ವತಂತ್ರ ತಾಲ್ಲೂಕೆನಿಸಿಕೊಂಡದ್ದು ಈಚಿನ ಮಾತು. 2018ಕ್ಕೆ ಮುಂಚೆ ಅದು ಜೇವರ್ಗಿ ತಾಲ್ಲೂಕಿಗೆ ಸೇರಿದ ಹೋಬಳಿಯಾಗಿತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಗಣಕಯಂತ್ರದೊಳಕ್ಕೆ ಸೇರಿದ ಮೇಲೆ, ಇಲ್ಲಿಯ ರೈತನು ಜೇವರ್ಗಿಯ ತಾಲ್ಲೂಕು ಕೇಂದ್ರಕ್ಕೆ ಹೋಗಿ, 15 ರೂಪಾಯಿ ತೆತ್ತು, ತನ್ನ ಹೊಲದ ಪಹಣಿಯು ಕಣ್ಣೆದುರಿಗೇ ಅಚ್ಚಾಗಿ ಹೊರಬರುವುದನ್ನು ನೋಡುವಂತಾಯಿತು. ಪರದೆಯ ಮೇಲೆ ಕಂಡ ಸರ್ವೆ ನಂಬರು, ಖಾತೆದಾರನ ಹೆಸರು, ಎಕರೆ-ಗುಂಟೆಗಳೆಲ್ಲ ಕ್ಷಣಾರ್ಧದಲ್ಲಿ ಕಾಗದದ ಮೇಲೆ ಮೂಡುವ ಆ ದೃಶ್ಯದಲ್ಲಿ ಈಗ ಯಾರಿಗೂ ಆಶ್ಚರ್ಯ ಉಳಿದಿಲ್ಲ.

ಆದರೆ ಮುದ್ರಣಯಂತ್ರದ ಮುಂದೆ ಸರದಿಯಲ್ಲಿ ನಿಂತ ಅನುಭವವುಳ್ಳವರೆಲ್ಲರೂ, ಅದು ಯಾವ ಊರಿನ ಯಾವ ಯಂತ್ರವೇ ಆಗಿರಲಿ, ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಅಪರೂಪಕ್ಕೊಮ್ಮೆ ಹಾಳೆಯ ಮೇಲೆ ಅರ್ಥವಿಲ್ಲದ ಗೀಚು ಬರುತ್ತದೆ, ಅರ್ಧ ಪುಟ ಖಾಲಿ ಉಳಿಯುತ್ತದೆ; ಕುಳಿತವನು ಬೇಸರದಿಂದ ‘ಇನ್ನೊಮ್ಮೆ ಕೊಡ್ತೀನಿ ತಡೀರಿ’ ಎಂದು ಅದೇ ಗುಂಡಿಯನ್ನು ಒತ್ತುತ್ತಾನೆ; ಈ ಸಲ ಎಲ್ಲವೂ ಸರಿಯಾಗಿರುತ್ತದೆ. ಕಡತವೂ ಯಂತ್ರವೂ ಆಜ್ಞೆಯೂ ಅವೇ ಆಗಿದ್ದು, ಒಂದೇ ಆಜ್ಞೆಗೆ ಸದಾ ಒಂದೇ ಫಲವನ್ನು ಕೊಡತಕ್ಕದ್ದೆಂದು ನಾವು ನಂಬಿರುವ ಗಣಕವು ಎರಡು ಸಲಕ್ಕೆ ಎರಡು ಫಲಗಳನ್ನು ಕೊಟ್ಟದ್ದೇಕೆ?

ಕಾರಣಗಳು ಹಲವುಂಟು. ತಂತಿ ಸಡಿಲವಾಗಿರಬಹುದು, ಕಾಗದಕ್ಕೆ ತೇವ ತಗುಲಿರಬಹುದು, ಅಕ್ಷರಶೈಲಿಯು ಹೊಂದದೆ ಇರಬಹುದು. ಹೆಚ್ಚಿನ ಸಲ ಕಾರಣವು ಇಷ್ಟು ಸಾಮಾನ್ಯವಾದದ್ದೇ. ಆದರೆ ಇವೆಲ್ಲವನ್ನೂ ಪರೀಕ್ಷಿಸಿ ಕೈಬಿಟ್ಟ ಮೇಲೂ ಉಳಿಯುವ, ಕೈಗೆ ಸಿಗದೆ ನುಣುಚಿಕೊಳ್ಳುವ ಒಂದು ದೋಷವುಂಟು. ಅದರಲ್ಲಿ ಬರೆದ ಅಂಕಿಯೂ ಸರಿ, ಕೊಟ್ಟ ಆಜ್ಞೆಯೂ ಸರಿ. ಕೆಟ್ಟಿರುವುದು ಅವು ತಲುಪಿದ ಅನುಕ್ರಮ ಮಾತ್ರ. ಈ ಅಧ್ಯಾಯವು ಅದನ್ನು ಕುರಿತದ್ದು.

ಅಕ್ಷರ ಮೊದಲು, ಸಂಜ್ಞೆ ಆಮೇಲೆ

ಗಣಕಕ್ಕೆ ಜೋಡಿಸಿದ ಪ್ರತಿಯೊಂದು ಉಪಕರಣಕ್ಕೂ, ಮುದ್ರಣಯಂತ್ರವಾಗಲಿ ಬೆರಳಚ್ಚು ಓದುವ ಯಂತ್ರವಾಗಲಿ, ಅದರ ಭಾಷೆಯನ್ನು ಬಲ್ಲ ಒಂದು ಸಣ್ಣ ತಂತ್ರಾಂಶ ಇರಲೇಬೇಕು. ಅದಕ್ಕೆ ಡ್ರೈವರ್ ಎಂಬ ಹೆಸರು ರೂಢಿಯಲ್ಲಿದೆ, ನಾವು ಚಾಲಕವೆನ್ನೋಣ. ಚಾಲಕವು ಮಾಡುವ ಕೆಲಸವನ್ನು ಅತ್ಯಂತ ಸರಳರೂಪದಲ್ಲಿ ನೋಡಬೇಕಾದರೆ, 1970ರ ಸುಮಾರಿಗೆ ಅಮೆರಿಕದ ಸೆಂಟ್ರಾನಿಕ್ಸ್ ಕಂಪನಿಯು ತನ್ನ ಮುದ್ರಣಯಂತ್ರಕ್ಕಾಗಿ ರೂಪಿಸಿ, ಮುಂದೆ ಹಲವು ದಶಕಗಳ ಕಾಲ ಜಗತ್ತಿನ ಕಚೇರಿಗಳಲ್ಲೆಲ್ಲ ಬಳಕೆಯಲ್ಲಿದ್ದ ಆ ದಪ್ಪನೆಯ ಸಮಾನಾಂತರ ತಂತಿಯನ್ನು ನೆನೆಯಬೇಕು.

ಆ ತಂತಿಯೊಳಗೆ ಎಂಟು ಎಳೆಗಳು ಅಕ್ಷರಕ್ಕೆ ಮೀಸಲು. ಒಂಬತ್ತನೆಯದು ಸ್ಟ್ರೋಬ್ ಎಂಬ ಸಂಜ್ಞೆಯ ಎಳೆ. ಚಾಲಕವು ಮೊದಲು ಎಂಟು ಎಳೆಗಳ ಮೇಲೆ ಅಕ್ಷರದ ಸಂಕೇತವನ್ನು ಇಡಬೇಕು. ಅದು ಸ್ಥಿರವಾಗಲೆಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಅರ್ಧದಷ್ಟು ಕಾಲವಾದರೂ ತಾಳಬೇಕು. ಅನಂತರ ‘ಈಗ ತೆಗೆದುಕೋ’ ಎಂದು ಸಂಜ್ಞೆಯನ್ನು ಕೊಡಬೇಕು. ಚಾಲಕದ ಪಾಲಿಗೆ ಇವು ಎರಡು ಬೇರೆ ಬೇರೆ ವಿಳಾಸಗಳಿಗೆ ಮಾಡುವ ಎರಡು ಬರಹಗಳು, ಅಷ್ಟೆ. ಸಂಜ್ಞೆಯೇ ಮೊದಲು ತಲುಪಿತೆನ್ನಿ: ಮುದ್ರಣಯಂತ್ರವು ಎಳೆಗಳ ಮೇಲೆ ಆ ಕ್ಷಣದಲ್ಲಿ ಏನಿದೆಯೋ ಅದನ್ನು, ಅಂದರೆ ಹಿಂದಿನ ಅಕ್ಷರವನ್ನು, ಮತ್ತೊಮ್ಮೆ ಅಚ್ಚುಹಾಕುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಯಂತ್ರಕ್ಕೆ ಅದು ತಪ್ಪೆಂದು ತಿಳಿಯುವ ಬಗೆಯೇ ಇಲ್ಲ.

ಆ ಕಾಲದ ಗಣಕಗಳು ಸಾವಧಾನದವು. ಒಂದಾದ ಮೇಲೊಂದು ಬರೆಯೆಂದರೆ ಒಂದಾದ ಮೇಲೊಂದನ್ನೇ ಬರೆಯುತ್ತಿದ್ದವಾಗಿ ಚಾಲಕವನ್ನು ರಚಿಸುವವನಿಗೆ ಅನುಕ್ರಮದ ಚಿಂತೆಯಿರಲಿಲ್ಲ.

ತೊಗರಿಯ ವ್ಯಾಪಾರದ ಮೂಲಕ

ಇಂದಿನ ಉಪಕರಣಗಳು ಒಂದೊಂದೇ ಅಕ್ಷರವನ್ನು ಕಾದು ಕೂಡುವುದಿಲ್ಲ. ಚಾಲಕವು ಮಾಹಿತಿಯನ್ನೆಲ್ಲ ಗಣಕದ ಮುಖ್ಯ ಸ್ಮೃತಿಯಲ್ಲಿ, ಅಂದರೆ ಮೆಮರಿಯಲ್ಲಿ, ಜೋಡಿಸಿಡುತ್ತದೆ. ಆಮೇಲೆ ಉಪಕರಣದೊಳಗಿನ ಡೋರ್‌ಬೆಲ್ ಎಂಬ ಕರೆಗಂಟೆಯ ಗೂಡಿಗೆ ಒಂದು ಸಣ್ಣ ಅಂಕಿಯನ್ನು ಬರೆಯುತ್ತದೆ. ಗಂಟೆ ಕೇಳಿದ ಉಪಕರಣವು ತಾನೇ ಹೋಗಿ, ಸಂಸ್ಕಾರಕದ ನೆರವಿಲ್ಲದೆ, ಸ್ಮೃತಿಯಲ್ಲಿರುವುದನ್ನು ಎತ್ತಿಕೊಳ್ಳುತ್ತದೆ. ಸಂಸ್ಕಾರಕವೆಂದರೆ ಆಜ್ಞೆಗಳನ್ನು ನಡೆಸುವ ಪ್ರೊಸೆಸರು.

ಇದನ್ನು ಯಡ್ರಾಮಿಯ ಒಬ್ಬ ತೊಗರಿ ವ್ಯಾಪಾರಿಯ ವ್ಯವಹಾರವಾಗಿ ಕಲ್ಪಿಸಿಕೊಳ್ಳೋಣ. ಅವನು ಕಲಬುರಗಿಯ ಒಂದು ದಾಲ್ ಮಿಲ್ಲಿನವರೊಡನೆ ಮಾತಾಡಿಕೊಂಡಿದ್ದಾನೆ: ‘ನಿಮ್ಮ ಮೂರನೆಯ ಕೋಠಿಯಲ್ಲಿ ನನ್ನ ಚೀಲಗಳನ್ನು ಇಳಿಸುತ್ತೇನೆ, ಚೀಟಿ ಕಳುಹಿಸಿದೊಡನೆ ಆ ಕೋಠಿಯಲ್ಲಿರುವುದನ್ನು ಒಡೆಯಿರಿ.’ ಅದರಂತೆ ಚೀಲಗಳನ್ನು ಲಾರಿಗೆ ಹೇರಿಸಿ ಕಳುಹಿಸುತ್ತಾನೆ. ಅನಂತರ ಚೀಟಿಯನ್ನು ಕೊಟ್ಟು ಹುಡುಗನೊಬ್ಬನನ್ನು ಮೋಟಾರ್ ಸೈಕಲ್ಲಿನ ಮೇಲೆ ಅಟ್ಟುತ್ತಾನೆ. ಲಾರಿಯು ದಾರಿಯಲ್ಲಿ ಡೀಸೆಲ್ಲಿಗೆ ನಿಂತಿತು. ಹುಡುಗ ಸರಾಗವಾಗಿ ಹೋಗಿ ಮುಟ್ಟಿದ. ಮಿಲ್ಲಿನವನು ಚೀಟಿಯನ್ನು ನಂಬಿ ಮೂರನೆಯ ಕೋಠಿಯ ಬಾಗಿಲು ತೆಗೆಸಿ, ಅಲ್ಲಿ ಹಿಂದಿನ ವಾರದಿಂದ ಬಿದ್ದಿದ್ದ ಬೇರೆ ಯಾರದೋ ಚೀಲಗಳನ್ನು ಹಮಾಲರಿಂದ ಹೊರಿಸಿ ಯಂತ್ರಕ್ಕೆ ಸುರಿಸುತ್ತಾನೆ.

ಇಲ್ಲಿ ವ್ಯಾಪಾರಿಯ ತಪ್ಪಾವುದು? ಅವನ ಖಾತೆಪುಸ್ತಕವನ್ನು ತೆರೆದು ನೋಡಿದರೆ ‘ಚೀಲ ಕಳುಹಿಸಿದೆ’ ಎಂಬುದು ಮೊದಲ ಸಾಲಿನಲ್ಲಿಯೂ ‘ಚೀಟಿ ಕಳುಹಿಸಿದೆ’ ಎಂಬುದು ಎರಡನೆಯ ಸಾಲಿನಲ್ಲಿಯೂ ಇವೆ. ಚಾಲಕದ ರಚನೆಯನ್ನು ನೂರು ಸಲ ಓದಿದವನಿಗೂ ದೋಷ ಸಿಗದೆ ಇರುವುದು ಈ ಕಾರಣದಿಂದಲೇ. ಕಳುಹಿಸಿದ ಅನುಕ್ರಮವು ಪುಸ್ತಕದಲ್ಲಿ ದಾಖಲಾಗಿದೆ. ಮುಟ್ಟಿದ ಅನುಕ್ರಮವು ಎಲ್ಲಿಯೂ ದಾಖಲಾಗುವುದಿಲ್ಲ. ಮರುದಿನ ಲಾರಿಯು ನಿಲ್ಲದೆ ಹೋದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ; ‘ಇನ್ನೊಮ್ಮೆ’ ಒತ್ತಿದಾಗ ಪಹಣಿ ಸರಿಯಾಗಿ ಬಂದದ್ದರ ಹಿಂದೆಯೂ ಇಂಥದೇ ಯೋಗಾಯೋಗ ಇರಬಹುದು.

ಸಂಸ್ಕಾರಕದ ಅವಸರ

ಆದರೆ ಒಂದೇ ಹಲಗೆಯ ಮೇಲೆ, ಗೇಣು ದೂರದಲ್ಲಿರುವ ಸಂಸ್ಕಾರಕಕ್ಕೂ ಸ್ಮೃತಿಗೂ ನಡುವೆ ಇಂಥ ಹಿಂದುಮುಂದು ಉಂಟಾಗುವುದಾದರೂ ಹೇಗೆ? ವೇಗಗಳ ವೈಷಮ್ಯವೇ ಇದರ ಮೂಲ. ಈಗಿನ ಸಾಧಾರಣ ಸಂಸ್ಕಾರಕವೊಂದರ ಗಡಿಯಾರವು ಸೆಕೆಂಡಿಗೆ 300 ಕೋಟಿ ಸಲ ಬಡಿಯುತ್ತದೆ. ಒಂದು ಬಡಿತದಿಂದ ಇನ್ನೊಂದಕ್ಕೆ ಬೆಳಕೂ ಹತ್ತು ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು. ಮುಖ್ಯ ಸ್ಮೃತಿಯಾದರೋ ಒಂದು ಕೋರಿಕೆಯನ್ನು ಪೂರೈಸಲು ಇಂಥ ನೂರಾರು ಬಡಿತಗಳನ್ನು ತೆಗೆದುಕೊಳ್ಳುತ್ತದೆ. ಪ್ರತಿಯೊಂದು ಬರಹವೂ ಸ್ಮೃತಿಯನ್ನು ಮುಟ್ಟುವ ತನಕ ಸಂಸ್ಕಾರಕವು ಕೈಕಟ್ಟಿ ಕೂಡುವುದಾದರೆ, ಅದರ ಆಯುಷ್ಯದ ಬಹುಭಾಗವು ಕಾಯುವುದರಲ್ಲಿಯೇ ಸವೆದುಹೋದೀತು.

ಆದಕಾರಣ ಸಂಸ್ಕಾರಕದ ಒಳಗೇ ಒಂದು ಪುಟ್ಟ ತಂಗುಮನೆಯನ್ನು ಕಟ್ಟಿರುತ್ತಾರೆ; ಸ್ಟೋರ್ ಬಫರ್ ಎಂದು ಅದರ ಹೆಸರು. ಬರೆಯೆಂಬ ಆಜ್ಞೆ ಬಂದೊಡನೆ ಸಂಸ್ಕಾರಕವು ಬರಹವನ್ನು ತಂಗುಮನೆಯಲ್ಲಿಟ್ಟು, ಕೆಲಸ ಮುಗಿಯಿತೆಂದು ಭಾವಿಸಿ ಮುಂದಿನ ಆಜ್ಞೆಗೆ ಹೋಗುತ್ತದೆ. ತಂಗುಮನೆಯಿಂದ ಬರಹಗಳು ತಮಗೆ ಅನುಕೂಲವಾದಾಗ ಹೊರಡುತ್ತವೆ. ಹೋಗಬೇಕಾದ ಸ್ಥಳವು ಸಂಸ್ಕಾರಕದ ಮಗ್ಗುಲಲ್ಲಿರುವ ಕ್ಯಾಶ್ ಎಂಬ ಸಮೀಪಸ್ಮೃತಿಯಲ್ಲಿ ಆಗಲೇ ಇದ್ದರೆ ಬೇಗನೆ, ಇಲ್ಲದಿದ್ದರೆ ತಡವಾಗಿ. ಅಕ್ಕಪಕ್ಕದ ವಿಳಾಸಗಳಿಗೆ ಹೋಗುವ ಎರಡು ಬರಹಗಳಿದ್ದರೆ ಎರಡೂ ಕೂಡಿ ಒಂದಾಗಿ. ಹೀಗೆ ಮೊದಲು ಬಂದದ್ದು ಹಿಂದುಳಿದು, ಅನಂತರ ಬಂದದ್ದು ಮುಂದೆ ನುಗ್ಗುವ ಸಂದರ್ಭಗಳು ಒದಗುತ್ತವೆ. ಆಜ್ಞೆಗಳನ್ನು ಬರೆದ ಸಾಲು ಬಿಟ್ಟು, ಸಿದ್ಧವಾದ ಕ್ರಮದಲ್ಲಿ ನಡೆಸುವ ಜಾಣ್ಮೆಯನ್ನು ಐಬಿಎಂ ಸಂಸ್ಥೆಯು 1960ರ ದಶಕದಲ್ಲಿಯೇ ತನ್ನ 360 ಮಾಲಿಕೆಯ 91ನೆಯ ಮಾದರಿಯಲ್ಲಿ ತೋರಿಸಿತ್ತು. ಈಗ ಅದು ಅಂಗೈಯಲ್ಲಿರುವ ಫೋನಿಗೂ ಬಂದಿದೆ.

ಇದರಿಂದ ಎಲ್ಲ ಕಾರ್ಯಕ್ರಮಗಳೂ ಕೆಟ್ಟುಹೋಗಬೇಕಲ್ಲವೇ ಎಂದು ಯಾರಾದರೂ ಕೇಳಿಯಾರು. ಕೆಡುವುದಿಲ್ಲ, ಏಕೆಂದರೆ ಸಂಸ್ಕಾರಕವು ಒಂದು ವಚನವನ್ನು ತಪ್ಪದೆ ಪಾಲಿಸುತ್ತದೆ. ತಾನು ಬರೆದದ್ದನ್ನು ತಾನೇ ಓದುವಾಗ, ಅದಿನ್ನೂ ತಂಗುಮನೆಯಲ್ಲಿಯೇ ಇದ್ದರೂ, ಅಲ್ಲಿಂದಲೇ ತೆಗೆದುಕೊಟ್ಟು, ಎಲ್ಲವೂ ಕ್ರಮವಾಗಿ ನಡೆದಿದೆಯೆಂಬ ಭಾವನೆಯನ್ನು ಉಳಿಸುತ್ತದೆ; ವ್ಯಾಪಾರಿಯು ತನ್ನದೇ ಖಾತೆಯನ್ನು ನೋಡಿಕೊಂಡಾಗ ಲೆಕ್ಕವು ಸರಿಹೋಗುವಂತೆ. ಆದರೆ ಈ ವಚನವು ತನ್ನೊಬ್ಬನಿಗೆ ಕೊಟ್ಟದ್ದು. ಹೊರಗೆ ನಿಂತು ಸ್ಮೃತಿಯನ್ನು ನೋಡುತ್ತಿರುವ ಉಪಕರಣವು ಈ ಒಪ್ಪಂದದಲ್ಲಿ ಪಾಲುದಾರನಲ್ಲ. ಅದಕ್ಕೆ ತಂಗುಮನೆಯ ಒಳಗು ಕಾಣುವುದೂ ಇಲ್ಲ. ನನಗೆ ತೋರುವಂತೆ ಈ ವಿಷಯದ ಕ್ಲಿಷ್ಟತೆಯೆಲ್ಲವೂ ಈ ಒಂದು ಸಂಗತಿಯಲ್ಲಿ ಅಡಗಿದೆ. ಉಳಿದುದೆಲ್ಲ ಇದರ ವಿಸ್ತರಣೆ.

ಸಾಲದುದಕ್ಕೆ ಕಂಪೈಲರ್ ಎಂಬ ಅನುವಾದಕವೂ ಇದರಲ್ಲಿ ಕೈಯಾಡಿಸುತ್ತದೆ. ಮನುಷ್ಯನು ಬರೆದ ಸಾಲುಗಳನ್ನು ಯಂತ್ರಭಾಷೆಗೆ ತಿರುಗಿಸುವಾಗ, ಪರಸ್ಪರ ಸಂಬಂಧವಿಲ್ಲವೆಂದು ತನಗೆ ತೋರಿದ ಎರಡು ಬರಹಗಳ ಸ್ಥಾನವನ್ನು ಅದು ಅದಲುಬದಲು ಮಾಡಬಲ್ಲುದು. ಚೀಲಕ್ಕೂ ಚೀಟಿಗೂ ಇರುವ ಸಂಬಂಧವು ವ್ಯಾಪಾರಿಯ ಮನಸ್ಸಿನಲ್ಲಿದೆಯೇ ಹೊರತು ವಿಳಾಸಗಳಲ್ಲಿ ಬರೆದಿಲ್ಲವಷ್ಟೆ.

ತಡೆಗೋಡೆ

ಪರಿಹಾರವು ಯಾರಿಗಾದರೂ ಹೊಳೆಯುವಂಥದು: ಚೀಲಗಳು ಕೋಠಿಗೆ ಇಳಿದುವೆಂಬ ಸುದ್ದಿ ಬರುವ ತನಕ ಚೀಟಿಯ ಹುಡುಗನು ಊರು ಬಿಡತಕ್ಕದ್ದಲ್ಲ. ಸಂಸ್ಕಾರಕಗಳಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಆಜ್ಞೆಗಳಿವೆ. ಮೆಮರಿ ಬ್ಯಾರಿಯರ್ ಎಂದು ಕರೆಯಲ್ಪಡುವ ಇವು ತಡೆಗೋಡೆಗಳು. ಗೋಡೆಗೆ ಹಿಂದಿನ ಬರಹಗಳು ಹೊರಗಿನವರಿಗೆ ಕಾಣಿಸಿಕೊಳ್ಳದ ಹೊರತು ಮುಂದಿನ ಬರಹವು ಕಾಣಿಸಿಕೊಳ್ಳಕೂಡದೆಂಬುದಿಷ್ಟೇ ಅದರ ವಿಧಿ. ಬರಹಗಳನ್ನು ಅದು ತ್ವರೆಗೊಳಿಸುತ್ತದೆಂದು ಅನೇಕರು ತಿಳಿಯುವುದುಂಟು. ಗೋಡೆಯು ಅನುಕ್ರಮವನ್ನು ಕಾಯುತ್ತದೆ, ವೇಗವನ್ನು ಕೊಡುವುದಿಲ್ಲ. ಕೊಡುವುದಿರಲಿ, ಕಸಿದುಕೊಳ್ಳುತ್ತದೆ: ಅದನ್ನು ಕಂಡಕಂಡಲ್ಲಿ ಕಟ್ಟಿದರೆ ತಂಗುಮನೆಯಿಂದಾದ ಲಾಭವೆಲ್ಲವೂ ಕಳೆದುಹೋಗುತ್ತದೆ.

ಎಲ್ಲ ಸಂಸ್ಕಾರಕಗಳ ಸ್ವಭಾವವೂ ಒಂದೇ ಆಗಿದ್ದಿದ್ದರೆ ಪೀಡೆಯಿರುತ್ತಿರಲಿಲ್ಲ. ಮೇಜಿನ ಗಣಕಗಳಲ್ಲಿರುವ ಇಂಟೆಲ್ ವಂಶದವು ಸಾಮಾನ್ಯ ಬರಹಗಳನ್ನು ಬರೆದ ಕ್ರಮದಲ್ಲಿಯೇ ಹೊರಗಿನವರಿಗೆ ತೋರಿಸುತ್ತವೆ. ಬರಹದ ಅನಂತರ ಬರುವ ಓದು ಮಾತ್ರ ಮುಂದೆ ನುಗ್ಗಬಹುದು. ಇಂಟೆಲ್ ಸಂಸ್ಥೆಯ ಬೆಂಗಳೂರಿನ ತಂಡವು ವಿನ್ಯಾಸಗೊಳಿಸಿ 2008ರಲ್ಲಿ ಹೊರಬಂದ, ಆರು ಸಂಸ್ಕಾರಕಗಳನ್ನು ಒಂದೇ ಚೂರಿನಲ್ಲಿ ಅಡಗಿಸಿದ್ದ ಜಿಯಾನ್ 7400 ಕೂಡ ಈ ಕಟ್ಟಳೆಯದೇ. ಫೋನುಗಳಲ್ಲಿ ಮನೆಮಾಡಿರುವ ಆರ್ಮ್ ವಂಶದವು ಇಂಥ ಭರವಸೆಯನ್ನು ಕೊಡುವುದಿಲ್ಲ. ಕೇಳಿದರೆ ಕ್ರಮ, ಕೇಳದಿದ್ದರೆ ಅನುಕೂಲ ಎಂಬುದು ಅವುಗಳ ನೀತಿ. ಆದ್ದರಿಂದ ಇಂಟೆಲ್ ಗಣಕದ ಮೇಲೆ ವರ್ಷಗಟ್ಟಲೆ ನಿರಾತಂಕವಾಗಿ ನಡೆದ ಚಾಲಕವೊಂದನ್ನು ಆರ್ಮ್ ಯಂತ್ರಕ್ಕೆ ಒಯ್ದಾಗ, ಒಳಗೆ ಮೊದಲಿನಿಂದಲೂ ಇದ್ದ ಲೋಪವು ಅಂದು ಹುಟ್ಟಿದಂತೆ ಹೊರಬೀಳುತ್ತದೆ.

ಹಲವು ಸಂಸ್ಕಾರಕಗಳು ಸೇರಿ ದುಡಿಯುವಾಗ ‘ಕ್ರಮ’ವೆಂದರೆ ಏನೆಂಬುದನ್ನು ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು 1979ರಲ್ಲಿ ನಿಷ್ಕೃಷ್ಟವಾಗಿ ನಿರೂಪಿಸಿದರು. ಅಷ್ಟು ಕಟ್ಟುನಿಟ್ಟನ್ನು ಯಂತ್ರವು ಸದಾ ಪಾಲಿಸಬೇಕಾದ ಅಗತ್ಯವಿಲ್ಲ, ಕಾರ್ಯಕ್ರಮವನ್ನು ರಚಿಸುವವನು ಕ್ರಮ ಬೇಕಾದ ಸ್ಥಳಗಳನ್ನು ಸೂಚಿಸಿದರೆ ಸಾಕು, ಉಳಿದೆಡೆ ಯಂತ್ರಕ್ಕೆ ಸ್ವಾತಂತ್ರ್ಯವಿರಲಿ ಎಂಬ ವಿಚಾರಕ್ಕೆ ಶಾಸ್ತ್ರೀಯ ಬುನಾದಿಯನ್ನು ಹಾಕಿದವರಲ್ಲಿ ಮುಂಬಯಿಯ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಸರಿತಾ ಆಡ್ವೆಯವರು ಪ್ರಮುಖರು.

ಸಿಂಪ್ಯೂಟರಿನ ಎಂಟು ಗೂಡುಗಳು

ಈ ವಿಷಯಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಕೂಡಿ, ಓದುಬರಹ ಬಾರದವರಿಗೂ ತಮ್ಮ ಭಾಷೆಯಲ್ಲಿಯೇ ಉಪಯೋಗವಾಗುವಂಥ ಅಗ್ಗದ ಕೈಗಣಕವೊಂದನ್ನು ರೂಪಿಸಹೊರಟು, 2001ರಲ್ಲಿ ಸಿಂಪ್ಯೂಟರ್ ಎಂಬ ಹೆಸರಿನಿಂದ ಅದನ್ನು ಜನರ ಮುಂದಿಟ್ಟರು. ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯೂ, ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್ ಓದುವ ಸಲಕರಣೆಯೂ ಇದ್ದುವು. 2004ರಲ್ಲಿ ಪಿಕೋಪೆಟಾ ಸಂಸ್ಥೆಯ ‘ಅಮಿಡಾ’ ಎಂಬ ಮಾದರಿಯು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರ ತಯಾರಿಕೆಯಾಗಿ ಮಾರುಕಟ್ಟೆಗೆ ಬಂದಿತು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲವೆಂಬುದು ಬೇರೆಯ ಕಥೆ. ಆ ಸೋಲನ್ನು ಆಡಿಕೊಂಡವರಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಮೆಯೆಂದು ನನ್ನ ಗುಮಾನಿ.

ಸಿಂಪ್ಯೂಟರಿನ ಹೃದಯವು ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ. ಅದರ ತಂಗುಮನೆಯಲ್ಲಿ ಎಂಟು ಗೂಡುಗಳು. ಪ್ರತಿಯೊಂದರಲ್ಲಿಯೂ 16 ಅಕ್ಷರಸಂಕೇತಗಳಿಗೆ ಮಾತ್ರ ಸ್ಥಳ. ಇದರ ಜೊತೆಗೆ, ಬರೆದುದನ್ನು ಒಡನೆಯೇ ಮುಖ್ಯ ಸ್ಮೃತಿಗೆ ಒಪ್ಪಿಸದೆ ತನ್ನಲ್ಲಿಯೇ ಇಟ್ಟುಕೊಳ್ಳುವ ಸಮೀಪಸ್ಮೃತಿಯೂ ಉಂಟು. ಇಂಥ ಯಂತ್ರದಲ್ಲಿ ಧ್ವನಿಯನ್ನೋ ಚಿತ್ರವನ್ನೋ ಉಪಕರಣವು ತಾನಾಗಿ ಸ್ಮೃತಿಯಿಂದ ಎತ್ತಿಕೊಳ್ಳಬೇಕಾದಾಗ ಚಾಲಕವು ಎರಡು ಕೆಲಸಗಳನ್ನು ಮೊದಲೇ ಮಾಡಿ ಮುಗಿಸಬೇಕು: ಸಮೀಪಸ್ಮೃತಿಯಲ್ಲಿ ಉಳಿದಿರುವ ಹೊಸ ಬರಹಗಳನ್ನು ಹೊರಕ್ಕೆ ತಳ್ಳಬೇಕು, ಅನಂತರ ಎಂಟು ಗೂಡುಗಳೂ ಬರಿದಾಗುವ ತನಕ ನಿಲ್ಲಬೇಕು. ಅದಕ್ಕೆಂದೇ ಆ ಸಂಸ್ಕಾರಕದಲ್ಲಿ ಒಂದು ಪ್ರತ್ಯೇಕ ಆಜ್ಞೆಯನ್ನು ಒದಗಿಸಿದ್ದರು. ಅದನ್ನು ಮರೆತರೆ ಹಳೆಯ ಸದ್ದಿನ ಚೂರೊಂದು ಹೊಸ ಮಾತಿನ ನಡುವೆ ಕೇಳಿಸೀತು. ಎಂಟೇ ಗೂಡುಗಳ ತಂಗುಮನೆಯಿಂದ ಇಷ್ಟು ಅನರ್ಥ ಸಾಧ್ಯವಾದರೆ, ಹತ್ತಾರು ಗೂಡುಗಳುಳ್ಳ ಇಂದಿನ ಸಂಸ್ಕಾರಕಗಳ ಮಾತು ಬೇರೆ ಹೇಳಬೇಕಾಗಿಲ್ಲ.

ಮರಳುವ ದಾರಿ

ಇಷ್ಟರಿಂದ ಅರ್ಧ ಕಥೆಯಾಯಿತು. ಉಪಕರಣವು ಕೆಲಸ ಮುಗಿಸಿದ ಮೇಲೆ ತಾನೂ ಸ್ಮೃತಿಯಲ್ಲಿ ಒಂದು ವರದಿಯನ್ನು ಬರೆಯುತ್ತದೆ. 2011ರಲ್ಲಿ ರೂಪುಗೊಂಡು ಈಗ ಹೆಚ್ಚಿನ ಹೊಸ ಗಣಕಗಳ ಮಾಹಿತಿಭಂಡಾರಗಳಲ್ಲಿ ಬಳಕೆಯಾಗುತ್ತಿರುವ ಎನ್‌ವಿಎಂಇ ಪದ್ಧತಿಯಲ್ಲಿ, ಆಜ್ಞೆಗೆ 64 ಅಕ್ಷರಸಂಕೇತಗಳ ಉದ್ದ, ವರದಿಗೆ 16ರ ಉದ್ದ. ವರದಿಯು ಹೊಸದೋ ಹಳೆಯದೋ ಎಂಬುದನ್ನು ತಿಳಿಸಲು ಅದರಲ್ಲಿ ಒಂದು ಗುರುತು ಇರುತ್ತದೆ. ಪ್ರತಿ ಸುತ್ತಿಗೂ ಅದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ತಿರುಗುತ್ತದೆ. ಚಾಲಕವು ಗುರುತನ್ನು ನೋಡಿ, ಹೊಸದೆಂದು ಖಚಿತವಾದ ಮೇಲೆ ಉಳಿದ ಅಂಶಗಳನ್ನು ಓದಬೇಕು.

ಆದರೆ ಸಂಸ್ಕಾರಕವು ಓದುವುದರಲ್ಲಿಯೂ ಅವಸರದ್ದೇ. ‘ಹೇಗೂ ಬೇಕಾಗುತ್ತದೆ’ ಎಂದು ಉಳಿದ ಅಂಶಗಳನ್ನು ಮೊದಲೇ ಓದಿಟ್ಟುಕೊಂಡು, ಗುರುತನ್ನು ಕೊನೆಗೆ ನೋಡಿರಬಹುದು. ಮಿಲ್ಲಿನ ಗುಮಾಸ್ತನು ಬೆಳಗ್ಗೆಯೇ ಕೋಠಿಯನ್ನು ಎಣಿಸಿ ಬರೆದಿಟ್ಟುಕೊಂಡು, ಮಧ್ಯಾಹ್ನ ಚೀಟಿ ಬಂದಾಗ ಮತ್ತೆ ಎದ್ದುಹೋಗಿ ನೋಡುವ ಶ್ರಮಪಡದೆ ಬೆಳಗಿನ ಲೆಕ್ಕವನ್ನೇ ಒಪ್ಪಿಸಿದಂತಾಯಿತು. ಹೀಗಿರಲಾಗಿ, ಕಳುಹಿಸುವವನು ಎಷ್ಟೇ ಕಟ್ಟುನಿಟ್ಟಾಗಿ ಕ್ರಮವನ್ನು ಪಾಲಿಸಿದರೂ, ಪಡೆಯುವವನ ಬದಿಯಲ್ಲಿ ಓದಿನ ತಡೆಗೋಡೆಯೊಂದು ಇಲ್ಲದಿದ್ದರೆ ಅದು ನಿಷ್ಫಲ. ಎರಡು ಗೋಡೆಗಳು ಸೇರಿಯೇ ಒಂದು ರಕ್ಷಣೆ.

ಸೇತುವೆಯಾಚೆ

ಬರಹವು ಸಂಸ್ಕಾರಕವನ್ನು ಬಿಟ್ಟಮಾತ್ರಕ್ಕೆ ಉಪಕರಣವನ್ನು ಮುಟ್ಟಿತೆನ್ನಲಾಗದು. ನಡುವೆ ಉಪಕರಣಗಳನ್ನು ಗಣಕಕ್ಕೆ ಜೋಡಿಸುವ ಪಿಸಿಐ ಮೊದಲಾದ ಮಾರ್ಗಗಳೂ ಅವುಗಳ ಸೇತುವೆಗಳೂ ಇವೆ. ಈ ಸೇತುವೆಗಳು ಉಪಕರಣಕ್ಕೆ ಹೋಗುವ ಬರಹವನ್ನು ತೆಗೆದುಕೊಂಡು, ಸಂಸ್ಕಾರಕವನ್ನು ಕಳುಹಿಸಿಕೊಟ್ಟು, ಬರಹವನ್ನು ತಮ್ಮಲ್ಲಿ ಸ್ವಲ್ಪಕಾಲ ಇರಿಸಿಕೊಳ್ಳಬಲ್ಲವು. ಚಾಲಕವೊಂದು ಉಪಕರಣಕ್ಕೆ ‘ನಿಲ್ಲು’ ಎಂದು ಬರೆದು, ಅದು ತಣ್ಣಗಾಗಲೆಂದು ಒಂದಿಷ್ಟು ತಾಳಿ, ಮತ್ತೆ ‘ಹೊರಡು’ ಎಂದು ಬರೆಯಿತೆನ್ನಿ. ತಾಳಿದ ಕಾಲವೆಲ್ಲವನ್ನೂ ‘ನಿಲ್ಲು’ ಎಂಬ ಬರಹವು ಸೇತುವೆಯಲ್ಲಿಯೇ ಕಳೆದಿದ್ದರೆ, ಉಪಕರಣಕ್ಕೆ ಎರಡೂ ಬೆನ್ನುಬೆನ್ನಿಗೆ ಮುಟ್ಟುತ್ತವೆ. ಕ್ರಮವು ಸರಿಯಿದ್ದರೂ ನಡುವಿನ ವಿರಾಮವು ಮಾಯವಾಗಿರುತ್ತದೆ. ಇದಕ್ಕೆ ಮದ್ದು, ಬರೆದ ಕೂಡಲೇ ಅದೇ ಉಪಕರಣದಿಂದ ಏನನ್ನಾದರೂ ಓದುವುದು. ಓದು ತನ್ನ ಮುಂದಿರುವ ಬರಹಗಳನ್ನು ನೂಕಿಕೊಂಡೇ ಹೋಗಬೇಕೆಂದು ಮಾರ್ಗದ ನಿಯಮವಿರುವುದರಿಂದ, ಉತ್ತರ ಬಂದಿತೆಂದರೆ ಬರಹವೂ ಮುಟ್ಟಿತೆಂದೇ ಅರ್ಥ.

ಇನ್ನೂ ಸೂಕ್ಷ್ಮವಾದ ಪ್ರಸಂಗವು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಆಲ್ಟಿಕ್ಸ್ ಎಂಬ ಮಹಾಗಣಕದಲ್ಲಿ ಎದ್ದಿತು. ಈ ಜಾತಿಯ 512 ಸಂಸ್ಕಾರಕಗಳ ಗಣಕವೊಂದಕ್ಕೆ ಅಮೆರಿಕದ ನಾಸಾ ಸಂಸ್ಥೆಯು 2004ರಲ್ಲಿ ಕಲ್ಪನಾ ಚಾವ್ಲಾ ಅವರ ಸ್ಮರಣಾರ್ಥ ‘ಕಲ್ಪನಾ’ ಎಂದು ಹೆಸರಿಟ್ಟಿತ್ತು. ಅಷ್ಟು ದೊಡ್ಡ ಯಂತ್ರದಲ್ಲಿ ಎರಡು ಸಂಸ್ಕಾರಕಗಳು ಒಂದೇ ಉಪಕರಣಕ್ಕೆ ಸರದಿಯಂತೆ ಬರೆಯಬೇಕಾದಾಗ, ತಂತ್ರಾಂಶದ ಬೀಗವೊಂದನ್ನು ಹಿಡಿದು ಬರೆದು, ಬೀಗವನ್ನು ಬಿಟ್ಟುಕೊಡುತ್ತವೆ. ಬೀಗವಿರುವುದು ಸ್ಮೃತಿಯಲ್ಲಿ, ಉಪಕರಣವಿರುವುದು ಸೇತುವೆಯಾಚೆ. ಬೀಗ ಬಿಟ್ಟ ಸುದ್ದಿ ಎರಡನೆಯ ಸಂಸ್ಕಾರಕಕ್ಕೆ ಬೇಗನೆ ಮುಟ್ಟಿ, ಮೊದಲನೆಯದರ ಬರಹವು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದರ ಬರಹವು ಉಪಕರಣಕ್ಕೆ ತಲುಪುವ ಸಂಭವವಿತ್ತು. ಅದಕ್ಕಾಗಿ 2004ರಲ್ಲಿ ಲಿನಕ್ಸಿನೊಳಕ್ಕೆ ಒಂದು ವಿಶೇಷ ತಡೆಗೋಡೆಯನ್ನು ಸೇರಿಸಿ, ಬೀಗ ಬಿಡುವ ಮುನ್ನ ಅದನ್ನು ಕಟ್ಟತಕ್ಕದ್ದೆಂದು ಚಾಲಕಗಳನ್ನು ರಚಿಸುವವರಿಗೆ ವಿಧಿಸಲಾಯಿತು. ಕಟ್ಟಬೇಕಾದವರು ಕಟ್ಟಲಿಲ್ಲ, ಬೇಡವಾದಲ್ಲಿ ಕಟ್ಟಿದವರೂ ಇದ್ದರು. ಹದಿನೈದು ವರ್ಷಗಳ ಅನಂತರ, 2019ರಲ್ಲಿ, ಆ ಹೊಣೆಯನ್ನು ಚಾಲಕಗಳಿಂದ ಹಿಂತೆಗೆದುಕೊಂಡು, ಬೀಗ ಬಿಡುವ ಕ್ರಿಯೆಯೇ ಆವಶ್ಯಕವಾದಾಗ ಗೋಡೆಯನ್ನು ತಾನಾಗಿ ಕಟ್ಟಿಕೊಳ್ಳುವಂತೆ ಮಾಡಿದರು. ನನ್ನ ಮಟ್ಟಿಗೆ ಇದು ಬಹಳ ಹಿಂದೆಯೇ ಆಗಬೇಕಾಗಿದ್ದ ಕೆಲಸ.

ಆಲ್ಟಿಕ್ಸಿನೊಳಗಿದ್ದ ಐಟೇನಿಯಂ ಸಂಸ್ಕಾರಕಗಳು ಈಗ ತಯಾರಾಗುತ್ತಿಲ್ಲ. ಲಿನಕ್ಸ್ ಅವುಗಳಿಗೆ ಕೊಡುತ್ತಿದ್ದ ಬೆಂಬಲವನ್ನು 2023ರ ಕೊನೆಯಲ್ಲಿ ಕೈಬಿಟ್ಟಿತು. ಆದರೆ ಅವಕ್ಕಾಗಿ ಹುಟ್ಟಿದ ಗೋಡೆಯು ರಿಸ್ಕ್-ವಿ ಎಂಬ ಮುಕ್ತ ವಿನ್ಯಾಸದ ಸಂಸ್ಕಾರಕಗಳಿಗೆ ಇಂದಿಗೂ ಬೇಕಾಗಿದೆ. ಮದರಾಸಿನ ಐಐಟಿಯಲ್ಲಿ ರೂಪುಗೊಂಡ ‘ಶಕ್ತಿ’ ಸಂಸ್ಕಾರಕವು ಇದೇ ವಂಶಕ್ಕೆ ಸೇರಿದ್ದು. ಅದರ ತಡೆಗೋಡೆಯ ಆಜ್ಞೆಯಲ್ಲಿ ಸ್ಮೃತಿಯ ಓದು, ಸ್ಮೃತಿಯ ಬರಹ, ಉಪಕರಣದಿಂದ ಓದು, ಉಪಕರಣಕ್ಕೆ ಬರಹ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಇವುಗಳಲ್ಲಿ ಯಾವುದು ಮುಗಿಯುವ ತನಕ ಯಾವುದು ಕಾಯಬೇಕೆಂಬುದನ್ನು ಚಾಲಕವೇ ನಿರ್ದೇಶಿಸುವಂತೆ ಅವಕಾಶವಿತ್ತಿದ್ದಾರೆ.